ಕೊರೊನಾ ಕಾಲದಲ್ಲಿ ತಪ್ಪಿದ ಡೋಸ್‌ಗಳು: ದೀರ್ಘ ಕಾಯಿಲೆಯ ಮಕ್ಕಳ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳಿಗೆ ಟೈಪ್ 1 ಶುಗರ್ ಇದೆ, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದಿಲ್ಲ, ದಿನಾ ಸೂಜಿಯಲ್ಲಿ ಕೊಡಬೇಕು. 2020ರಲ್ಲಿ ಕೊರೊನಾ ಬಂದಾಗ ಅವಳಿಗೆ 9 ವರ್ಷ. ನಾವಿರುವುದು ದಾವಣಗೆರೆಯಲ್ಲಿ. "ನಿಮ್ಮ ಹತ್ರ ಶುಗರ್ ಚೆಕ್ ಮಾಡೋ ಸ್ಟ್ರಿಪ್ ಇದ್ರೆ ಒಂದು ಡಬ್ಬಿ ಕೊಡ್ತೀರಾ?" ಅಂತ ಕೇಳಿಕೊಳ್ಳುವುದಕ್ಕೆ ಆಗ ಒಂದು ವಾಟ್ಸಾಪ್ ಗುಂಪು ಶುರುವಾಯಿತು. ಅದು ಇವತ್ತಿಗೂ ಇದೆ. ಶುಗರ್ ಮಕ್ಕಳ ಅಪ್ಪ-ಅಮ್ಮಂದಿರ ಜೊತೆಗೆ ಈಗ ಆಸ್ತಮಾ, ಫಿಟ್ಸ್, ಥಲಸ್ಸೀಮಿಯಾ (ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಕಾಯಿಲೆ), ಕಿಡ್ನಿ ತೊಂದರೆ ಇರುವ ಮಕ್ಕಳ ಮನೆಯವರೂ ಸೇರಿದ್ದಾರೆ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು. ಟೈಪ್ ಮಾಡಿ ಮಾಡಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಡೋಸ್ ಹೆಚ್ಚು ಕಮ್ಮಿ ಮಾಡುವ ಮಾತು ಬಂದರೆ ನಿಮ್ಮ ಡಾಕ್ಟರನ್ನೇ ಕೇಳಿ.

ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯಲ್ಲೇ ಇದ್ದೆವು. ಕೆಲಸಕ್ಕೆ ಓಡುವ ಗಡಿಬಿಡಿ ಇರಲಿಲ್ಲ. ಆದರೂ ಔಷಧಿ ತಪ್ಪಿದ್ದು ಹೇಗೆ?

ನನ್ನನ್ನೇ ಜಾಸ್ತಿ ಕಾಡಿದ ಪ್ರಶ್ನೆ ಇದು. ಮರೆವು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ.

ಹಸುವನ್ನು ಗೂಟಕ್ಕೆ ಕಟ್ಟುವ ಹಾಗೆ ನಾವು ಔಷಧಿಯನ್ನು ದಿನದ ಯಾವುದಾದರೂ ಒಂದು ಕೆಲಸಕ್ಕೆ ಕಟ್ಟಿರುತ್ತೇವೆ. ಕಟ್ಟಿದ್ದು ನಮಗೇ ಗೊತ್ತಿರುವುದಿಲ್ಲ. ಮಗಳ ದಿನ ನೋಡಿ. 7.15ಕ್ಕೆ ಇನ್ಸುಲಿನ್, ಯಾಕಂದ್ರೆ 8ಕ್ಕೆ ಸ್ಕೂಲ್ ವ್ಯಾನಿನ ಹಾರ್ನ್. 10.50ಕ್ಕೆ ಶಾರ್ಟ್ ಬೆಲ್ ಹೊಡೆದರೆ ನಾಲ್ಕು ಬಿಸ್ಕತ್ತು. ಮಧ್ಯಾಹ್ನದ ಬೆಲ್ಲಿಗೆ ಊಟ. ನಾನು ಗಡಿಯಾರವನ್ನೇ ನೋಡುತ್ತಿರಲಿಲ್ಲ, ಹಾರ್ನ್ ಕೇಳಿಸಿಕೊಳ್ಳುತ್ತಿದ್ದೆ. ಮಾರ್ಚ್ ಮಧ್ಯದಲ್ಲಿ ಸ್ಕೂಲು ನಿಂತಿತು, 25ರಿಂದ ಎಲ್ಲವೂ ನಿಂತಿತು. ಒಂದೇ ವಾರದಲ್ಲಿ ಗೂಟಗಳೆಲ್ಲ ಕಿತ್ತುಹೋದವು. ಮಗಳು 9ಕ್ಕೆ ಏಳತೊಡಗಿದಳು, ಒಂದೊಂದು ದಿನ 10ಕ್ಕೆ. ತಿಂಡಿ 11ಕ್ಕೆ. ಆ ತಿಂಡಿ ಯಾವುದರ ಲೆಕ್ಕಕ್ಕೆ, ಬೆಳಗಿನದಕ್ಕೋ ಮಧ್ಯಾಹ್ನದ್ದಕ್ಕೋ? ಇನ್ಸುಲಿನ್ ಕೊಟ್ಟಿದ್ದು ಇವತ್ತಾ, ನಿನ್ನೆನಾ? ಒಂದು ದಿನ ನಾನು, ನಮ್ಮೆಜಮಾನರು ಇಬ್ಬರೂ "ನೀನು ಕೊಟ್ಟೆ ಅಂದ್ಕೊಂಡೆ" ಅಂತ ಮುಖ ಮುಖ ನೋಡಿಕೊಂಡು ನಿಂತೆವು.

ಆಮೇಲೆ ಒಂದು ತಮಾಷೆ ನಡೆಯಿತು. ಮಾರ್ಚ್ 28ರಿಂದ ದೂರದರ್ಶನದಲ್ಲಿ ಹಳೇ ಪೌರಾಣಿಕ ಧಾರಾವಾಹಿಯೊಂದನ್ನು ಮತ್ತೆ ಹಾಕಿದರು, ಬೆಳಿಗ್ಗೆ 9ಕ್ಕೆ, ರಾತ್ರಿ 9ಕ್ಕೆ. ನಮ್ಮತ್ತೆ ಒಂದು ದಿನವೂ ಬಿಡುತ್ತಿರಲಿಲ್ಲ. ರಾತ್ರಿಯ, ನಿಧಾನವಾಗಿ ಬಹಳ ಹೊತ್ತು ಕೆಲಸ ಮಾಡುವ ಲಾಂಗ್ ಆ್ಯಕ್ಟಿಂಗ್ ಇನ್ಸುಲಿನ್ ಕೊಡುವ ಹೊತ್ತೂ 9. "ಶುರುವಾಗ್ತಿದೆ, ಸೂಜಿ ಆಯ್ತೇನೇ?" ಅಂತ ಅತ್ತೆ ಹಾಲ್‌ನಿಂದ ಕೂಗುವುದೇ ನಮ್ಮ ಬೆಲ್ ಆಯಿತು. ಆ ಮೂರು ವಾರ ರಾತ್ರಿ ಡೋಸ್ ಒಂದೂ ತಪ್ಪಲಿಲ್ಲ. ಏಪ್ರಿಲ್‌ನಲ್ಲಿ ಧಾರಾವಾಹಿ ಮುಗಿಯಿತು. ಅದು ಮುಗಿದ ವಾರದಲ್ಲೇ ಎರಡು ರಾತ್ರಿ ತಪ್ಪಿತು.

ನಾವು ಮಾತ್ರ ಹೀಗಾ? ಬೇರೆಯವರು ಸರಿಯಾಗಿ ಕೊಡುತ್ತಾರಾ?

ಇಲ್ಲ. ಕೊರೊನಾಕ್ಕೆ ಎಷ್ಟೋ ಮೊದಲು, 2003ರಲ್ಲೇ, ವಿಶ್ವ ಆರೋಗ್ಯ ಸಂಸ್ಥೆ ಇದರ ಬಗ್ಗೆ ಒಂದು ದೊಡ್ಡ ವರದಿ ತಂದಿತ್ತು. ದುಡ್ಡಿರುವ ದೇಶಗಳಲ್ಲೂ ದೀರ್ಘ ಕಾಯಿಲೆಯವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದ ಹಾಗೆ ಔಷಧಿ ತೆಗೆದುಕೊಳ್ಳುತ್ತಾರೆ, ಬಡ ದೇಶಗಳಲ್ಲಿ ಅದಕ್ಕಿಂತ ಕಮ್ಮಿ ಅಂತ ಅದರಲ್ಲಿತ್ತು. ಕೊರೊನಾ ಬಂದು ಹೊಸದಾಗಿ ಕೆಡಿಸಿದ್ದಲ್ಲ. ಮೊದಲೇ ಸಡಿಲ ಇದ್ದದ್ದನ್ನು ಎಳೆದು ಹಾಕಿತು ಅಷ್ಟೆ.

ದಿನಚರಿ ಬಿಡಿ. ಔಷಧಿಯೇ ಸಿಗಲಿಲ್ಲ ಅಲ್ವಾ?

ಅದೂ ನಿಜ. ಮಾರ್ಚ್ 24ರ ರಾತ್ರಿ 8ಕ್ಕೆ ಟಿವಿಯಲ್ಲಿ ಹೇಳಿದರು, 12ಕ್ಕೆ ಬೀಗ. ಮೆಡಿಕಲ್ ಶಾಪ್ ತೆರೆದಿರುತ್ತೆ ಅಂದಿದ್ದರು, ತೆರೆದೂ ಇತ್ತು. ಆದರೆ ಅಂಗಡಿ ತೆರೆದಿದ್ದರೆ ಸಾಲದು. ಅಂಗಡಿಗೆ ಮಾಲು ಬರಬೇಕು, ನಾವು ಅಲ್ಲಿಗೆ ಹೋಗಬೇಕು, ಕೈಯಲ್ಲಿ ದುಡ್ಡಿರಬೇಕು. ಹಳ್ಳಿಯವರಿಗೆ ಬಸ್ಸೇ ಇಲ್ಲ. ನಮ್ಮ ಗುಂಪಿನ ಒಬ್ಬರು ಚನ್ನಗಿರಿ ಕಡೆಯ ಹಳ್ಳಿಯಿಂದ ಬೈಕಿನಲ್ಲಿ ಬರುತ್ತಿದ್ದರು. ನಾಕಾಬಂದಿಯಲ್ಲಿ ಪೊಲೀಸರಿಗೆ ತೋರಿಸಲು ಡಾಕ್ಟರ ಚೀಟಿಗೆ ಪ್ಲಾಸ್ಟಿಕ್ ಹಾಕಿಸಿ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಆಗ ಅಂಚೆ ಇಲಾಖೆ ಔಷಧಿ ಪಾರ್ಸೆಲ್‌ಗಳನ್ನು ಸಾಗಿಸಿತು. ಇದು ಬಹಳ ಜನಕ್ಕೆ ಗೊತ್ತೇ ಆಗಲಿಲ್ಲ.

ಲೂಪಸ್ (ಮೈಯ ರೋಗನಿರೋಧಕ ಶಕ್ತಿಯೇ ಮೈಗೆ ತಿರುಗಿ ಬೀಳುವ ಕಾಯಿಲೆ) ಇರುವ ಮಕ್ಕಳ ಕಥೆ ಬೇರೆಯೇ. ಅವರು ದಿನಾ ನುಂಗುವ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್. ಕೊರೊನಾ ತಡೆಯಲು ಆರೋಗ್ಯ ಸಿಬ್ಬಂದಿ ಇದನ್ನು ತೆಗೆದುಕೊಳ್ಳಬಹುದು ಅಂತ ಮಾರ್ಚ್ ಕೊನೆಯಲ್ಲಿ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳಿದ್ದೇ ತಡ, ಯಾವ ಕಾಯಿಲೆಯೂ ಇಲ್ಲದವರು ಸ್ಟ್ರಿಪ್‌ಗಟ್ಟಲೆ ಕೊಂಡು ಬೀರುವಿನಲ್ಲಿಟ್ಟುಕೊಂಡರು. ಕೆಲವೇ ದಿನದಲ್ಲಿ ಸರ್ಕಾರ ಮಾರಾಟ ಬಿಗಿ ಮಾಡಿತು. ಅಷ್ಟರಲ್ಲಿ ನಿಜವಾಗಿ ಬೇಕಾದವರು ಅಂಗಡಿಯಿಂದ ಅಂಗಡಿಗೆ ಅಲೆಯುವಂತಾಗಿತ್ತು. ಆಮೇಲೆ ನೋಡಿದರೆ ಆ ಮಾತ್ರೆಯಿಂದ ಕೊರೊನಾಕ್ಕೆ ಏನೂ ಉಪಯೋಗ ಆಗಲಿಲ್ಲ.

ದುಡ್ಡಿನ ವಿಷಯ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಮಗೆ ಶುಗರ್ ಚೆಕ್ ಮಾಡುವ ಒಂದು ಸ್ಟ್ರಿಪ್‌ಗೆ ಹೆಚ್ಚುಕಡಿಮೆ 20 ರೂಪಾಯಿ ಬೀಳುತ್ತಿತ್ತು. ದಿನಕ್ಕೆ ನಾಲ್ಕು ಸಲ ಅಂದರೆ 80. ಆಟೋ ಓಡದ ಮನೆಯಲ್ಲಿ, ಅಂಗಡಿ ಮುಚ್ಚಿದ ಮನೆಯಲ್ಲಿ ಮೊದಲು ಕಡಿಮೆಯಾಗುವುದು ಆ ಸ್ಟ್ರಿಪ್ಪೇ. ಇನ್ಸುಲಿನ್ ನಿಲ್ಲಿಸಿರಲಿಲ್ಲ, ಚೆಕ್ ಮಾಡುವುದನ್ನು ನಿಲ್ಲಿಸಿದ್ದರು. ಅಂದರೆ ಅಂದಾಜಿನ ಮೇಲೆ ಸೂಜಿ. ಉತ್ತರ ಭಾರತದಲ್ಲಿ ಆಗ 52 ಟೈಪ್ 1 ರೋಗಿಗಳನ್ನು ಕೇಳಿ ಮಾಡಿದ ಒಂದು ಸಣ್ಣ ಅಧ್ಯಯನದಲ್ಲೂ ಇದೇ ಕಂಡಿತು. ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಜನ ಇನ್ಸುಲಿನ್ ಡೋಸ್ ತಪ್ಪಿಸಿದ್ದರು. ಸರಿಯಾಗಿ ಚೆಕ್ ಮಾಡದವರು ಅದಕ್ಕಿಂತ ಹೆಚ್ಚು.

ನಮ್ಮ ಇನ್ಸುಲಿನ್ ಸಿಗದೆ ಅಂಗಡಿಯವರು ಬೇರೆಯದನ್ನು ಕೊಟ್ಟರೆ ತರಬಹುದಾ?

ಡಾಕ್ಟರಿಗೆ ಫೋನ್ ಮಾಡದೆ ಬೇಡ. ಇದನ್ನು ದಯವಿಟ್ಟು ನಿಧಾನವಾಗಿ ಓದಿ.

ನಮ್ಮ ದೇಶದಲ್ಲಿ ಬಾಟಲಿ ಇನ್ಸುಲಿನ್ ಎರಡು ಗಾಢತೆಯಲ್ಲಿ ಬರುತ್ತದೆ. ಒಂದು ಎಂಎಲ್‌ಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಪ್ರತಿಯೊಂದಕ್ಕೂ ಬೇರೆ ಸಿರಿಂಜ್. 40ರದ್ದಕ್ಕೆ ಕೆಂಪು ಕ್ಯಾಪ್, 100ರದ್ದಕ್ಕೆ ಕಿತ್ತಳೆ ಕ್ಯಾಪ್. 100ರ ಇನ್ಸುಲಿನ್ನನ್ನು ಕೆಂಪು ಕ್ಯಾಪ್ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಮಗುವಿನ ಮೈಗೆ ಹೋಗುವುದು 10 ಯೂನಿಟ್ ಅಲ್ಲ, 25. ಶುಗರ್ ಪಾತಾಳಕ್ಕೆ ಇಳಿಯುತ್ತದೆ. ಉಲ್ಟಾ ಆದರೆ, ಅಂದರೆ 40ರ ಇನ್ಸುಲಿನ್ನನ್ನು ಕಿತ್ತಳೆ ಕ್ಯಾಪಿನದರಲ್ಲಿ ಎಳೆದರೆ, 10 ಅಂದುಕೊಂಡಿದ್ದು ಬರೀ 4.

ಲಾಕ್‌ಡೌನ್ ಎರಡನೇ ತಿಂಗಳಲ್ಲಿ ನಮ್ಮೆಜಮಾನರು ಸಿಕ್ಕಿದ್ದೇ ಪುಣ್ಯ ಅಂತ ಒಂದು ಪ್ಯಾಕೆಟ್ ಸಿರಿಂಜ್ ತಂದರು. ನಾನು ಎಳೆದೂ ಆಗಿತ್ತು. ಮಗಳು ಕೂತಲ್ಲಿಂದ "ಅಮ್ಮಾ, ಕ್ಯಾಪ್ ಯಾಕೆ ಆರೆಂಜು?" ಅಂದಳು. 9 ವರ್ಷದ ಹುಡುಗಿ. ನನ್ನ ಕೈ ನಡುಗಿತು. ಅವತ್ತಿನಿಂದ ಬಾಟಲಿಯ ಲೇಬಲ್ಲು, ಸಿರಿಂಜಿನ ಕ್ಯಾಪು ಎರಡನ್ನೂ ಅವಳು ಜೋರಾಗಿ ಓದಿದ ಮೇಲೇ ಸೂಜಿ.

ಫ್ರಿಜ್ ಇಲ್ಲದ ಮನೆಯವರು ಒಂದೇ ಸಲ ಎರಡು ತಿಂಗಳ ಇನ್ಸುಲಿನ್ ತಂದು ಎಲ್ಲಿಡಬೇಕು?

ಮಣ್ಣಿನ ಮಡಕೆಯಲ್ಲಿ. ಇದು ಅಜ್ಜಿ ಕಾಲದ ಉಪಾಯ ಅಂತ ನಗಬೇಡಿ. ಫ್ರಿಜ್ ಇಲ್ಲದ ಕಡೆ ಡಾಕ್ಟರುಗಳೇ ಹೇಳುವ ಉಪಾಯ ಇದು. ಒಂದು ದೊಡ್ಡ ಮಡಕೆ, ಅದರೊಳಗೆ ಚಿಕ್ಕದು, ಮಧ್ಯದ ಜಾಗಕ್ಕೆ ಮರಳು. ಮರಳಿಗೆ ದಿನಕ್ಕೆ ಎರಡು ಸಲ ನೀರು. ಒಳಗಿನ ಮಡಕೆಯಲ್ಲಿ ಇನ್ಸುಲಿನ್ನನ್ನು ನೀರು ತಾಗದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮೇಲೆ ಒದ್ದೆ ಬಟ್ಟೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಬೇಕು. ನೀರು ಆವಿಯಾಗುತ್ತಾ ಒಳಗೆ ತಂಪಾಗುತ್ತದೆ. ನಮ್ಮ ಕಡೆಯ ಒಣ ಬಿಸಿಲಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಮಂಗಳೂರಿನ ಸೆಕೆಗೆ ಅಷ್ಟಿಲ್ಲ. ಬಳಸಲು ಶುರು ಮಾಡಿದ ಬಾಟಲಿ ಹೀಗೆ ಸುಮಾರು ನಾಲ್ಕು ವಾರ ತಡೆಯುತ್ತದೆ. ತೆರೆಯದ ಬಾಟಲಿಗಳನ್ನು ತಿಂಗಳುಗಟ್ಟಲೆ ಇಡಲು ಮಾತ್ರ ಫ್ರಿಜ್ಜೇ ಬೇಕು, 2ರಿಂದ 8 ಡಿಗ್ರಿ. ಅದಕ್ಕೆ ಅಕ್ಕಪಕ್ಕದವರ ಫ್ರಿಜ್ ಕೇಳಿ, ನಾಚಿಕೊಳ್ಳಬೇಡಿ. ಫ್ರೀಜರ್ ಒಳಗೆ ಮಾತ್ರ ಇಡಬೇಡಿ. ಒಮ್ಮೆ ಗಡ್ಡೆ ಕಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಿಸಾಡಬೇಕಾದ್ದೇ.

ಎಲ್ಲಾ ಮಕ್ಕಳಿಗೂ ಕೆಟ್ಟದ್ದೇ ಆಯಿತಾ?

ಆಗಲಿಲ್ಲ. ಇದು ನನಗೂ ಆಶ್ಚರ್ಯ. ಇಟಲಿ, ಸ್ಪೇನ್ ದೇಶಗಳಲ್ಲಿ ಮೈಗೆ ಅಂಟಿಕೊಂಡು ಶುಗರ್ ಅಳೆಯುತ್ತಿರುವ ಸೆನ್ಸರ್ ಹಾಕಿಕೊಂಡಿದ್ದ ಟೈಪ್ 1 ಮಕ್ಕಳ ಲೆಕ್ಕ ತೆಗೆದಾಗ ಹಲವರ ಶುಗರ್ ಲಾಕ್‌ಡೌನ್‌ನಲ್ಲಿ ಮೊದಲಿಗಿಂತ ಚೆನ್ನಾಗಿತ್ತು. ಅಪ್ಪ-ಅಮ್ಮ ಮನೆಯಲ್ಲಿ, ಮನೆ ಊಟ, ಹೊತ್ತಿಗೆ ಸರಿಯಾಗಿ ಚೆಕ್ಕು. ಸ್ಕೂಲಿನಲ್ಲಿ ಗೆಳೆಯರ ಮುಂದೆ ಸೂಜಿ ಚುಚ್ಚಿಕೊಳ್ಳುವ ಮುಜುಗರವೂ ಇಲ್ಲ. ನಮ್ಮ ಗುಂಪಿನಲ್ಲೂ ಅಂಥ ಎರಡು ಮನೆ ಇದ್ದವು. ಇಬ್ಬರ ಮನೆಯಲ್ಲೂ ಸಂಬಳ ನಿಂತಿರಲಿಲ್ಲ, ಔಷಧಿ ಮನೆ ಬಾಗಿಲಿಗೆ ಬರುತ್ತಿತ್ತು. ಅದೇ ಕಾಯಿಲೆ, ಅದೇ ಲಾಕ್‌ಡೌನ್. ಸಂಬಳ ನಿಂತ ಮನೆಯಲ್ಲಿ ಒಂದು ಕಥೆ, ನಿಲ್ಲದ ಮನೆಯಲ್ಲಿ ಇನ್ನೊಂದು. ಹಾಗಾಗಿ "ಮಕ್ಕಳು ಮನೆಯಲ್ಲಿದ್ದರೆ ಸರಿಯಾಗಿರುತ್ತಾರೆ" ಅಂತ ಯಾರಾದರೂ ಅಂದರೆ ಯಾವ ಮನೆ ಅಂತ ಕೇಳಬೇಕು.

ಲಾಕ್‌ಡೌನ್‌ನಲ್ಲಿ ಮಗನಿಗೆ ಉಬ್ಬಸವೇ ಬರಲಿಲ್ಲ. ಸ್ಟೀರಾಯ್ಡ್ ಪಂಪು (ಇನ್ಹೇಲರ್) ನಿಲ್ಲಿಸಿದೆವು. ತಪ್ಪಾಯಿತಾ?

ಆಸ್ತಮಾ ಮಕ್ಕಳ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಆಗಿದ್ದು ಇದೇ. ಸ್ಕೂಲಿಲ್ಲ, ಒಬ್ಬರಿಂದ ಒಬ್ಬರಿಗೆ ನೆಗಡಿ ಹರಡುವುದಿಲ್ಲ, ರಸ್ತೆಯಲ್ಲಿ ಹೊಗೆ-ಧೂಳಿಲ್ಲ. ಪ್ರಪಂಚದ ಎಷ್ಟೋ ಕಡೆ ಆಸ್ತಮಾಕ್ಕೆ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಆಗ ಇಳಿಯಿತು. ಮಗು ಚೆನ್ನಾಗಿದೆ, ಇನ್ಯಾಕೆ ಪಂಪು ಅನ್ನಿಸುವುದು ಸಹಜ. ಜೊತೆಗೆ "ಸ್ಟೀರಾಯ್ಡ್ ತಗೊಂಡ್ರೆ ರೋಗನಿರೋಧಕ ಶಕ್ತಿ ಕಮ್ಮಿಯಾಗಿ ಕೊರೊನಾ ಬರುತ್ತೆ" ಅನ್ನುವ ಫಾರ್ವರ್ಡ್ ಮೆಸೇಜು.

ದಿನಾ ಎಳೆಯುವ ಪಂಪಿನಲ್ಲಿರುವ ಸ್ಟೀರಾಯ್ಡ್ ತೀರಾ ಸ್ವಲ್ಪ. ಅದು ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಅದನ್ನು ನಿಲ್ಲಿಸಬೇಡಿ ಅಂತಲೇ ಆಗ ಆಸ್ತಮಾ ತಜ್ಞರ ಜಾಗತಿಕ ಸಂಘಟನೆ ಗಿನಾ ಹೇಳಿತ್ತು. ಉಬ್ಬಸ ಬಂದಾಗ ಮಾತ್ರ ಎಳೆಯುವ ನೀಲಿ ಪಂಪು ಬೇರೆ, ಉಬ್ಬಸ ಬರದ ಹಾಗೆ ಕಾಯುವ ಪಂಪು ಬೇರೆ. ನಿಲ್ಲಿಸಿದ ಕೂಡಲೇ ಏನೂ ಆಗುವುದಿಲ್ಲ. ಮೋಸ ಇರುವುದೇ ಅಲ್ಲಿ. ನಮ್ಮ ರಾಜ್ಯದಲ್ಲಿ 1ರಿಂದ 5ನೇ ಕ್ಲಾಸು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ, ಚಳಿ ಶುರುವಾಗುವ ಹೊತ್ತಿಗೆ. ಒಂದೂವರೆ ವರ್ಷ ನೆಗಡಿ ಕಾಣದ ಮಕ್ಕಳು ಒಟ್ಟಿಗೆ ಒಂದೇ ಬೆಂಚಿನಲ್ಲಿ ಕೂತರು. ನವೆಂಬರ್‌ನಲ್ಲಿ ನಮ್ಮ ಗುಂಪಿನಲ್ಲಿ ನೆಬ್ಯುಲೈಸರ್ ಎಲ್ಲಿ ಬಾಡಿಗೆಗೆ ಸಿಗುತ್ತೆ ಅಂತ ಕೇಳಿದವರೆಲ್ಲ ಪಂಪು ನಿಲ್ಲಿಸಿದ್ದವರೇ.

ಕಿಡ್ನಿ ತೊಂದರೆಗೆ ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದೆ. ಅದನ್ನಾದರೂ ನಿಲ್ಲಿಸಬಹುದಿತ್ತಾ?

ನೆಫ್ರೋಟಿಕ್ ಸಿಂಡ್ರೋಮ್ (ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗಿ ಮೈ ಊದುವ ಕಿಡ್ನಿ ಕಾಯಿಲೆ) ಇರುವ ಮಕ್ಕಳ ಪ್ರೆಡ್ನಿಸೋಲೋನ್ ಮಾತ್ರೆ ವಿಷಯ ಇದು. ಇದಕ್ಕೆ ಉತ್ತರ ಇನ್ನೂ ಕಡ್ಡಾಯ: ಇದ್ದಕ್ಕಿದ್ದ ಹಾಗೆ ನಿಲ್ಲಿಸುವಂತಿಲ್ಲ. ತುಂಬಾ ದಿನ ಮಾತ್ರೆ ನುಂಗಿದ ಮೈ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ಡಾಕ್ಟರ್ ಹೇಳಿದಂತೆ ಇಳಿಸುತ್ತಾ ಬರಬೇಕು. ಆಸ್ಪತ್ರೆಗೆ ಹೋಗಲಾಗದ ದಿನಗಳಲ್ಲಿ ಮನೆಯಲ್ಲೇ ಬೆಳಗಿನ ಮೂತ್ರವನ್ನು ಪಟ್ಟಿಯಿಂದ ಚೆಕ್ ಮಾಡಿ ಬರೆದಿಟ್ಟವರು ಬಚಾವಾದರು. ಎದ್ದ ಕೂಡಲೇ ಕಣ್ಣ ಸುತ್ತ ಊದಿಕೊಂಡಿದೆಯಾ ನೋಡಿ, ಅಷ್ಟನ್ನು ಎಲ್ಲರೂ ಮಾಡಬಹುದು.

ಫಿಟ್ಸ್ ಇರುವ ಮಕ್ಕಳಿಗೆ ಆನ್‌ಲೈನ್ ಕ್ಲಾಸಿನಿಂದ ಜಾಸ್ತಿಯಾಯಿತು ಅನ್ನುತ್ತಾರೆ. ನಿಜವಾ?

ಬೆಳಕು ಮಿಣಮಿಣ ಅಂದರೆ ಫಿಟ್ಸ್ ಬರುವ ಮಕ್ಕಳಿದ್ದಾರೆ, ಆದರೆ ಸ್ವಲ್ಪವೇ ಜನ. ಹೆಚ್ಚಿನವರಿಗೆ ಕೈಕೊಟ್ಟಿದ್ದು ಫೋನಿನ ಬೆಳಕಲ್ಲ, ನಿದ್ದೆ. ಬೆಳಗಿನ ಕ್ಲಾಸಿಗೆ ಫೋನ್ ಕೈಗೆ ಬಂತು, ರಾತ್ರಿ 1 ಗಂಟೆಯಾದರೂ ಕೈಯಿಂದ ಇಳಿಯಲಿಲ್ಲ. ನಿದ್ದೆಗೆಟ್ಟರೆ ಫಿಟ್ಸ್ ಬರುವುದು ಹಳೇ ಸಂಗತಿ. ಇನ್ನೊಂದು, ಸಿರಪ್ಪನ್ನು ಬೆಳಿಗ್ಗೆ 8, ರಾತ್ರಿ 8 ಅಂತ ಬರೆದುಕೊಟ್ಟಿರುತ್ತಾರೆ. ಮಗು ಏಳುವುದೇ 10.30ಕ್ಕೆ. ಮಲಗಿರೋ ಮಗುವನ್ನು ಯಾಕೆ ಎಬ್ಬಿಸೋದು ಅಂತ ಬಿಟ್ಟರೆ 12 ಗಂಟೆಯ ಅಂತರ 14-15 ಆಗುತ್ತದೆ. ಡಾಕ್ಟರನ್ನು ಕೇಳಿ ಹೊತ್ತನ್ನೇ ಬದಲಿಸಿಕೊಳ್ಳಬಹುದು, 10-10 ಅಂತ. ಗುಂಪಿನ ಎಷ್ಟೋ ಅಮ್ಮಂದಿರಿಗೆ ಹೀಗೆ ಕೇಳಬಹುದು ಅನ್ನುವುದೇ ಹೊಳೆದಿರಲಿಲ್ಲ. ಔಷಧಿ ಖಾಲಿಯಾಗಿದೆ ಅಂತ ನಾಲ್ಕು ದಿನ ಬಿಡುವುದಂತೂ ಬೇಡವೇ ಬೇಡ. ಫಿಟ್ಸ್ ಬಂದು ನಿಲ್ಲದೇ ಹೋಗಬಹುದು.

ಥಲಸ್ಸೀಮಿಯಾ ಮಕ್ಕಳು ಏನು ಮಾಡಿದರು? ರಕ್ತವನ್ನು ಮನೆಯಲ್ಲಿ ಕೂಡಿಡೋಕಾಗಲ್ಲ.

ಹೌದು, ಇಲ್ಲಿ ಅಪ್ಪ-ಅಮ್ಮ ಎಷ್ಟೇ ಜಾಗ್ರತೆ ಇದ್ದರೂ ಸಾಲದು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು. ರಕ್ತ ಬರುವುದು ಕಾಲೇಜುಗಳಲ್ಲಿ, ಕಂಪನಿಗಳಲ್ಲಿ ಮಾಡುವ ಶಿಬಿರಗಳಿಂದ. ಕಾಲೇಜು ಮುಚ್ಚಿತು, ಶಿಬಿರ ನಿಂತಿತು. ಬೆಂಗಳೂರಿನ ವಿಕ್ಟೋರಿಯಾದಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳು ಕೊರೊನಾಕ್ಕೆ ಮೀಸಲಾದವು. ಹಿಮೋಗ್ಲೋಬಿನ್ 9ಕ್ಕೆ ಬಂದಾಗ ಹಾಕಿಸಬೇಕಾದ ರಕ್ತ 6ಕ್ಕೆ ಇಳಿದರೂ ಸಿಗಲಿಲ್ಲ ಅಂತ ಗುಂಪಿನ ಒಬ್ಬ ತಂದೆ ಬರೆದಿದ್ದರು. ಮಗ ಮೆಟ್ಟಿಲು ಹತ್ತುವುದನ್ನು ಬಿಟ್ಟು ಕೆಳಗೇ ಕೂತಿರುತ್ತಿದ್ದನಂತೆ.

2021ರಲ್ಲಿ ಇನ್ನೊಂದು ಸುತ್ತು. ಲಸಿಕೆ ಹಾಕಿಸಿಕೊಂಡ ಮೇಲೆ 28 ದಿನ ರಕ್ತ ಕೊಡುವಂತಿಲ್ಲ ಅಂತ ಮೊದಲು ನಿಯಮ ಇತ್ತು. ಮೇ 1ರಿಂದ 18 ದಾಟಿದವರಿಗೆಲ್ಲ ಲಸಿಕೆ ಅಂದರು. ರಕ್ತ ಕೊಡುವವರೆಲ್ಲ ಅದೇ ವಯಸ್ಸಿನವರು. ಆಮೇಲೆ ಅದನ್ನು 14 ದಿನಕ್ಕೆ ಇಳಿಸಿದರು. "ಮೊದಲು ರಕ್ತ ಕೊಡಿ, ನಾಳೆ ಲಸಿಕೆ ಹಾಕಿಸಿಕೊಳ್ಳಿ" ಅಂತ ನಾವೂ ಎಷ್ಟೋ ಜನಕ್ಕೆ ಫೋನ್ ಮಾಡಿದೆವು. ಕಬ್ಬಿಣದ ಅಂಶ ಇಳಿಸುವ ಮಾತ್ರೆಯನ್ನೂ ಆ ದಿನಗಳಲ್ಲಿ ಹಲವರು ಬಿಟ್ಟರು. ರಕ್ತವೇ ಹಾಕಿಸಿಲ್ಲ, ಮಾತ್ರೆ ಯಾಕೆ ಅನ್ನುವ ಲೆಕ್ಕ. ಮೈಯಲ್ಲಿ ಹಿಂದಿನ ರಕ್ತದಿಂದ ಸೇರಿದ ಕಬ್ಬಿಣ ಹಾಗೇ ಕೂತಿರುತ್ತದಲ್ಲ.

ಆಸ್ಪತ್ರೆಗೆ ಹೋದರೆ ಕೊರೊನಾ ಅಂಟುತ್ತೆ ಅಂತ ಕಾದೆವು. ಕಾದದ್ದು ತಪ್ಪಾ?

ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಆಗಿನ ಭಯ ಹಾಗಿತ್ತು. ಆದರೆ ಕಾಯಬಾರದ ಹೊತ್ತು ಯಾವುದು ಅಂತ ಗೊತ್ತಿರಬೇಕು. ಜರ್ಮನಿಯಲ್ಲಿ 2020ರ ಮಾರ್ಚ್ 13ರಿಂದ ಮೇ 13ರವರೆಗೆ ಹೊಸದಾಗಿ ಟೈಪ್ 1 ಅಂತ ಗೊತ್ತಾದ 532 ಮಕ್ಕಳ ಲೆಕ್ಕ ತೆಗೆದರು. ಅವರಲ್ಲಿ ನೂರಕ್ಕೆ ಸುಮಾರು 45 ಮಕ್ಕಳು ಆಸ್ಪತ್ರೆಗೆ ಬರುವ ಹೊತ್ತಿಗೆ ಕೀಟೋಅಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಅಪಾಯವಾಗುವ ಸ್ಥಿತಿ) ಆಗಿತ್ತು. ಹಿಂದಿನ ವರ್ಷ ಅದು 25ರ ಒಳಗಿತ್ತು. ಅಷ್ಟು ಆಸ್ಪತ್ರೆಗಳಿರುವ ದೇಶದಲ್ಲೇ ಹೀಗೆ.

ಹೊಸದಾಗಿ ಟೈಪ್ 1 ಬರುತ್ತಿರುವ ಮಗುವಿನಲ್ಲಿ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ತೂಕ ಇಳಿಯುವುದು ಮೊದಲು ಕಾಣುತ್ತವೆ. ಆಮೇಲೆ ಹೊಟ್ಟೆನೋವು, ವಾಂತಿ, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ, ಜೋರಾದ ಆಳ ಉಸಿರು. ಈ ಕೊನೆಯದನ್ನೇ ಎಷ್ಟೋ ಮನೆಯಲ್ಲಿ ಕೊರೊನಾ ಅಂದುಕೊಂಡು ಟೆಸ್ಟ್ ರಿಪೋರ್ಟಿಗೆ ಕಾಯುತ್ತಾ ಕೂತರು. ಬೆರಳಿಗೆ ಒಂದು ಸೂಜಿ ಚುಚ್ಚಿ ಶುಗರ್ ನೋಡಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಈಗಾಗಲೇ ಶುಗರ್ ಇರುವ ಮಗು ಹುಷಾರಿಲ್ಲದೆ ಊಟ ಬಿಟ್ಟರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ಎಷ್ಟು ಕೊಡಬೇಕು ಅಂತ ಆಗಲೇ ಫೋನ್ ಮಾಡಿ.

ತಿನ್ನುವುದರ ಕಥೆ ಏನು?

ದಾವಣಗೆರೆಯವರಿಗೆ ಈ ಪ್ರಶ್ನೆ ಕೇಳಬಾರದು. ಸಂಜೆ ಮಂಡಕ್ಕಿ-ಮೆಣಸಿನಕಾಯಿ ಇಲ್ಲದೆ ನಮಗೆ ಸಂಜೆಯೇ ಆಗುವುದಿಲ್ಲ. ಲಾಕ್‌ಡೌನ್‌ನಲ್ಲಿ ಮಂಡಕ್ಕಿ ಚೀಲವೇ ಅಡುಗೆಮನೆಗೆ ಬಂತು. ಹಗುರ ಅಲ್ವಾ, ಏನಾಗುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತೂಕಕ್ಕೆ ಹಗುರ, ಶುಗರ್ ಏರಿಸುವುದರಲ್ಲಿ ಅಲ್ಲ. ಮಗಳು ಹೋಗ್ತಾ ಬರ್ತಾ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹೊಟ್ಟೆ ಹಸಿದು ತಿಂದದ್ದಲ್ಲ, ಬೇಜಾರಿಗೆ ತಿಂದದ್ದು. ಇದಕ್ಕೆ ಬೈದು ಪ್ರಯೋಜನ ಆಗಲಿಲ್ಲ. ಒಂದು ಸಣ್ಣ ಬಟ್ಟಲು ಇಟ್ಟೆವು, ಸಂಜೆ 5ಕ್ಕೆ, ಶೇಂಗಾ ಮತ್ತು ಸೌತೆಕಾಯಿ ಜಾಸ್ತಿ ಹಾಕಿ. ಬಟ್ಟಲು ಖಾಲಿಯಾದರೆ ಮುಗಿಯಿತು.

ಕಷಾಯ ಇನ್ನೊಂದು. ಅತ್ತೆ ಪ್ರೀತಿಯಿಂದ ಎರಡು ಹೊತ್ತು ಶುಂಠಿ, ಮೆಣಸು ಕುದಿಸಿ ಕೊಡುತ್ತಿದ್ದರು. ಒಂದು ವಾರ ಶುಗರ್ 300 ದಾಟಿ ಯಾಕೆ ಕೂತಿದೆ ಅಂತ ತಲೆ ಕೆಡಿಸಿಕೊಂಡೆ. ಬೆಲ್ಲ! "ಮಗು ಕಹಿ ಅಂತಿತ್ತು, ಚೂರು ಹಾಕಿದೆ" ಅಂದರು ಅತ್ತೆ. ಅಮೃತಬಳ್ಳಿ ಕಷಾಯದ ಬಗ್ಗೆಯೂ ಕೇಳುತ್ತಾರೆ. ಅದನ್ನು ಕುಡಿದ ಕೆಲವರ ಲಿವರ್‌ಗೆ ತೊಂದರೆಯಾಗಿದೆ ಅಂತ 2021ರಲ್ಲಿ ಮುಂಬೈ ಡಾಕ್ಟರುಗಳು ವರದಿ ಮಾಡಿದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನನ್ನ ಮಟ್ಟಿಗೆ, ದಿನಾ ಔಷಧಿ ನುಂಗುವ ಮಗುವಿಗೆ ಡಾಕ್ಟರಿಗೆ ಹೇಳದೆ ಏನನ್ನೂ ಕುಡಿಸುವುದಿಲ್ಲ.

ಮಗ ಎಲ್ಲ ಸರಿಯಾಗಿ ತಗೋತೀನಿ ಅಂತಾನೆ. ಪುಸ್ತಕದಲ್ಲೂ ಬರೆದಿದ್ದಾನೆ. ಆದರೂ ರಿಪೋರ್ಟ್ ಕೆಟ್ಟದಾಗಿದೆ.

ಪುಸ್ತಕವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ನಮ್ಮ ಮನೆಯ, ಶುಗರ್ ಬರೆದಿಡುವ ನೋಟ್‌ಬುಕ್‌ನಲ್ಲಿ 2021ರ ಜೂನ್ ತಿಂಗಳ ಒಂದು ಪುಟ ಇದೆ. 124, 131, 118, 126. ಏಳು ದಿನ, 28 ಲೆಕ್ಕ, ಒಂದೇ ನೀಲಿ ಪೆನ್ನು, ಒಂದೇ ಒತ್ತು. ಒಂದು ಕಡೆಯೂ ಕಾಟು ಹೊಡೆದಿಲ್ಲ. ನಿಜವಾಗಿ ಬರೆದ ಪುಟ ಹೀಗಿರಲ್ಲ. ಅದರಲ್ಲಿ ಚಟ್ನಿ ಕಲೆ ಇರುತ್ತೆ, ಪೆನ್ಸಿಲ್ ಇರುತ್ತೆ, ರಕ್ತದ ಚುಕ್ಕೆ ಇರುತ್ತೆ. ಗ್ಲೂಕೋಮೀಟರಿನ ಮೆಮೊರಿ ತೆಗೆದರೆ ಆ ವಾರ ಚೆಕ್ ಮಾಡಿದ್ದು ಆರೇ ಸಲ. ಒಂದು ರೀಡಿಂಗ್ 386.

ನಾನು ಕೂಗಾಡಿದೆ. ಮಗಳು ಅಳುತ್ತಾ ಹೇಳಿದ್ದು: "ನೀನು ಬೆಳಿಗ್ಗೆಯಿಂದ ನನ್ ಹತ್ರ ಬಂದಾಗೆಲ್ಲ ಕೇಳೋದು ಅದೊಂದೇ, ಎಷ್ಟಿದೆ ಎಷ್ಟಿದೆ. ಜಾಸ್ತಿ ಇದ್ರೆ ನಿನ್ ಮುಖ ಹೇಗಾಗುತ್ತೆ ಗೊತ್ತಾ?" ಸ್ಕೂಲಿದ್ದಾಗ ಅವಳಿಗೆ ದಿನಕ್ಕೆ ಏಳು ಗಂಟೆ ನನ್ನ ಕಣ್ಣು ತಪ್ಪುತ್ತಿತ್ತು. ಲಾಕ್‌ಡೌನ್ ಅದನ್ನೂ ಕಿತ್ತುಕೊಂಡಿತ್ತು. ಎರಡು ಕೋಣೆಯ ಮನೆಯಲ್ಲಿ ಮಗುವಿಗೆ ಮುಚ್ಚಿಟ್ಟುಕೊಳ್ಳಲು ಉಳಿದ ಒಂದೇ ಜಾಗ ಆ ಪುಸ್ತಕ ಅಂತ ನನಗೆ ತಡವಾಗಿ ಅರ್ಥವಾಯಿತು. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಈಗ ಬರೀ ಒಂದು ಗೆರೆ ಹಾಕುತ್ತೇವೆ, ಚೆಕ್ ಮಾಡಿದ್ದಕ್ಕೆ. ನಂಬರ್ ಅವಳು ಹೇಳಿದರೆ ಕೇಳುತ್ತೇನೆ. ಮೀಟರ್ ನೋಡುವುದು ವಾರಕ್ಕೆ ಒಮ್ಮೆ, ಭಾನುವಾರ, ಇಬ್ಬರೂ ಕೂತು. ಹದಿಹರೆಯದ ಮಕ್ಕಳಲ್ಲಿ ಇದು ಇನ್ನೂ ಸೂಕ್ಷ್ಮ. ಮಗು ಮಂಕಾಗಿದ್ದರೆ, ಊಟ-ನಿದ್ದೆ ಎರಡೂ ಕೆಟ್ಟಿದ್ದರೆ, ಔಷಧಿ ತಪ್ಪುವುದನ್ನು ಬೈಗುಳದಿಂದ ಸರಿ ಮಾಡಲು ಹೋಗಬೇಡಿ. ಡಾಕ್ಟರ ಹತ್ತಿರ ಮನಸ್ಸಿನ ಮಾತನ್ನೂ ಎತ್ತಿ.

ಫೋನಿನಲ್ಲೇ ಡಾಕ್ಟರನ್ನು ಕೇಳಿದರೆ ಸಾಕಲ್ವಾ? ಈಗಲೂ ಹಾಗೇ ಮಾಡುತ್ತಿದ್ದೇವೆ.

ಕೊರೊನಾ ಕೊಟ್ಟ ಒಳ್ಳೆಯದರಲ್ಲಿ ಇದೊಂದು. ಫೋನಿನಲ್ಲಿ ನೋಡುವುದಕ್ಕೆ ಕೇಂದ್ರ ಸರ್ಕಾರ 2020ರ ಮಾರ್ಚ್ 25ರಂದೇ ನಿಯಮ ತಂದಿತು. ಆಮೇಲೆ ಮನೆಯಿಂದಲೇ ಡಾಕ್ಟರನ್ನು ಕೇಳುವ ಸರ್ಕಾರಿ ಸೇವೆ, ಇ-ಸಂಜೀವಿನಿ ಒಪಿಡಿ, ಬಂತು. ಬೆಂಗಳೂರಿಗೆ 260 ಕಿಲೋಮೀಟರ್ ಹೋಗಿ ಬರುವುದು, ಒಂದು ದಿನದ ಕೂಲಿ, ಎಲ್ಲ ಉಳಿಯುತ್ತದೆ.

ಆದರೆ ಫೋನಿಗೆ ತೂಕದ ಮಾಪಕ ಇಲ್ಲ. ಮಕ್ಕಳ ಡೋಸ್ ನಿಲ್ಲುವುದೇ ತೂಕದ ಮೇಲೆ. ಇನ್ಸುಲಿನ್ ಇರಲಿ, ಫಿಟ್ಸ್ ಸಿರಪ್ ಇರಲಿ, ಕಬ್ಬಿಣ ಇಳಿಸುವ ಮಾತ್ರೆ ಇರಲಿ. ಗುಂಪಿನ ಒಬ್ಬ ಹುಡುಗನಿಗೆ ಒಂದೂವರೆ ವರ್ಷ "ಅದೇ ಔಷಧಿ ಮುಂದುವರಿಸಿ" ಅಂತಲೇ ನಡೆಯಿತು. ಒಂದು ಡೋಸೂ ತಪ್ಪಿರಲಿಲ್ಲ. ಆದರೂ ಫಿಟ್ಸ್ ಮತ್ತೆ ಬಂತು. ಆಸ್ಪತ್ರೆಯಲ್ಲಿ ತೂಕ ನೋಡಿದರೆ 7 ಕೆಜಿ ಜಾಸ್ತಿಯಾಗಿದ್ದ. ಔಷಧಿ ಮಾತ್ರ ಹಳೇ ಹುಡುಗನದೇ. ಫೋನ್ ಮಾಡುವ ಮುಂಚೆ ರೇಷನ್ ಅಂಗಡಿಯಲ್ಲೋ ಅಂಗನವಾಡಿಯಲ್ಲೋ ತೂಕ ನೋಡಿಸಿ, ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರ ಗುರುತು ಹಾಕಿ, ಎರಡನ್ನೂ ಡಾಕ್ಟರಿಗೆ ನೀವೇ ಹೇಳಿ. ಅವರು ಕೇಳದಿದ್ದರೂ.

ಒಂದು ಡೋಸ್ ತಪ್ಪಿದರೆ ಮುಂದಿನದಕ್ಕೆ ಎರಡು ಕೊಡಬಹುದಾ?

ಬೇಡ. ಪ್ರತಿ ಔಷಧಿಗೂ ಇದರ ಲೆಕ್ಕ ಬೇರೆ. ಚೆನ್ನಾಗಿರುವಾಗಲೇ ಡಾಕ್ಟರನ್ನು ಕೇಳಿ, ಡಬ್ಬಿಯ ಮೇಲೇ ಬರೆದಿಡಿ.

ಸ್ಕೂಲ್ ತೆರೆದ ಮೇಲೆ ಎಲ್ಲ ಮೊದಲಿನ ಹಾಗಾಯಿತಾ?

ನಾವೂ ಹಾಗೇ ಅಂದುಕೊಂಡಿದ್ದೆವು. ಬೆಲ್ ಬಂತು, ವ್ಯಾನ್ ಬಂತು. ಆದರೆ ಸ್ಕೂಲಿಗೆ ಹೋಗಿದ್ದು ಹಳೇ ಮಗಳಲ್ಲ. 9 ವರ್ಷದವಳು ಹೊರಗೆ ಬಂದಳು, 11 ವರ್ಷದವಳು ಒಳಗೆ ಹೋದಳು. ಬಿಸ್ಕತ್ತು ತಿನ್ನಿಸಿ ನೆನಪು ಮಾಡುತ್ತಿದ್ದ ಮಿಸ್ ಬದಲಾಗಿದ್ದರು. ಹೊಸ ಮಿಸ್‌ಗೆ ಶುಗರ್ ಲೋ ಆದರೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ನಾವೂ ಹೇಳಿರಲಿಲ್ಲ. ಎರಡನೇ ವಾರವೇ ಆಟದ ಪೀರಿಯಡ್‌ನಲ್ಲಿ 52ಕ್ಕೆ ಇಳಿದು ಬೆವರಿ ಕೂತಿದ್ದಳು. ಎರಡು ವರ್ಷ ಓಡದ ಕಾಲು ಒಮ್ಮೆಗೇ ಓಡಿದರೆ ಶುಗರ್ ಇಳಿಯದೆ ಇರುತ್ತಾ? ಮಾರನೇ ದಿನ ಒಂದು ಹಾಳೆಯಲ್ಲಿ ಬರೆದು ಕೊಟ್ಟೆವು. ಲೋ ಆದರೆ ಹೇಗಿರುತ್ತಾಳೆ, ಬ್ಯಾಗಿನ ಯಾವ ಜೇಬಿನಲ್ಲಿ ಗ್ಲೂಕೋಸ್ ಪುಡಿ ಇದೆ, ಎಷ್ಟು ಚಮಚ, 15 ನಿಮಿಷ ಬಿಟ್ಟು ಮತ್ತೆ ಚೆಕ್, ಯಾರ ನಂಬರಿಗೆ ಫೋನ್. ಅದನ್ನು ಪ್ರತಿ ಜೂನ್‌ನಲ್ಲಿ ಹೊಸದಾಗಿ ಬರೆಯುತ್ತೇವೆ.

ಇನ್ನೊಮ್ಮೆ ಎಲ್ಲ ಮುಚ್ಚಿದರೆ ಅಂತ ನೀವು ಏನು ರೆಡಿ ಇಟ್ಟಿದ್ದೀರಿ?

ಒಂದು ತಿಂಗಳ ಔಷಧಿ ಜಾಸ್ತಿ ಇರುತ್ತದೆ. ಕೂಡಿಡುವುದಲ್ಲ, ಹಳೆಯದನ್ನು ಮೊದಲು ಬಳಸಿ ಹೊಸದನ್ನು ಹಿಂದಕ್ಕೆ ತಳ್ಳುವುದು, ಅಕ್ಕಿ ಡಬ್ಬಿಯ ಹಾಗೆ. ಚೀಟಿಯ ಫೋಟೊ ಮೂವರ ಫೋನಿನಲ್ಲಿದೆ. ಔಷಧಿಯ ಹೆಸರನ್ನು ಕಂಪನಿ ಹೆಸರಿನಲ್ಲಲ್ಲ, ಒಳಗಿನ ಮದ್ದಿನ ಹೆಸರಿನಲ್ಲಿ ಬರೆದುಕೊಂಡಿದ್ದೇವೆ. ಅದಿದ್ದರೆ ಜನೌಷಧಿ ಅಂಗಡಿಯಲ್ಲಿ ಕೇಳುವುದು ಸುಲಭ. ಸ್ಕೂಲಿಗೆ ರಜೆ ಕೊಟ್ಟ ದಿನವೇ ಕೂತು ಯಾವ ಡೋಸನ್ನು ಯಾವುದಕ್ಕೆ ಕಟ್ಟುವುದು ಅಂತ ಮಾತಾಡಿಕೊಳ್ಳುತ್ತೇವೆ. ದಸರಾ ರಜೆಯಲ್ಲೂ ಬೇಸಿಗೆ ರಜೆಯಲ್ಲೂ ಇದನ್ನೇ ಮಾಡುವುದರಿಂದ ರೂಢಿಯಾಗಿದೆ. ಕಳೆದ ಬೇಸಿಗೆಯಲ್ಲಿ ಬೆಳಗಿನ ಸೂಜಿಯನ್ನು ಹಾಲಿನವನ ಬೈಕಿಗೆ ಕಟ್ಟಿದೆವು. ಅವನು ಊರಿಗೆ ಹೋದ ಮೂರು ದಿನ ಅತ್ತೆಯೇ 7ಕ್ಕೆ ಸರಿಯಾಗಿ ಬಾಗಿಲಲ್ಲಿ ನಿಂತು "ಹಾಲೂ..." ಅಂತ ಕೂಗಿದರು.